ಹಳದಿ ಫೆನ್‌ಚರ್ಚ್, ಕಪ್ಪು ಫೆನ್‌ಚರ್ಚ್

ವಿಲಿಯಂ ಸ್ಟ್ರೌಡ್ಲಿ ತನ್ನ ರೈಲು ಎಂಜಿನ್ನುಗಳಿಗೆ ಬಳಿಸಿದ ಬಣ್ಣಕ್ಕೆ ‘ಇಂಪ್ರೂವ್ಡ್ ಎಂಜಿನ್ ಗ್ರೀನ್’ ಎಂದು ಹೆಸರು. ಹೆಸರು ನಂಬಿ ಹಸಿರು ಹುಡುಕಿಕೊಂಡು ಹೋದವರಿಗೆ ಸಿಗುವುದು ಹಳದಿ. ಅದೂ ಸಾಧಾರಣ ಹಳದಿಯಲ್ಲ; ಅರ್ಧ ಮನಸ್ಸು ಕಾವಿಗೆ, ಇನ್ನರ್ಧ ಬಂಗಾರಕ್ಕೆ ಕೊಟ್ಟ ಹಳದಿ. ಇಂಗ್ಲೆಂಡಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ‘ಗ್ಲ್ಯಾಡ್‌ಸ್ಟನ್’, ‘ಬಾಕ್ಸ್‌ಹಿಲ್’ ಎಂಬ ಎರಡು ಎಂಜಿನ್ನುಗಳು ಈ ಬಣ್ಣ ತೊಟ್ಟುಕೊಂಡಿವೆ. ಸುತ್ತಲಿನ ಹಸಿರು, ಕಪ್ಪು, ಕೆಂಪು ಎಂಜಿನ್ನುಗಳ ನಡುವೆ ಅವು ಮದುವೆಗೆ ಹೊರಟು ದಾರಿ ತಪ್ಪಿ ಕಚೇರಿಗೆ ಬಂದವರ ಹಾಗೆ ನಿಂತಿರುತ್ತವೆ.

ಸ್ಟ್ರೌಡ್ಲಿ ಹುಟ್ಟಿದ್ದು 1833ರಲ್ಲಿ, ಆಕ್ಸ್‌ಫರ್ಡ್ ಬಳಿಯ ಒಂದು ಹಳ್ಳಿಯಲ್ಲಿ. ಸ್ಕಾಟ್ಲೆಂಡಿನ ಹೈಲ್ಯಾಂಡ್ ರೈಲ್ವೆಯಲ್ಲಿದ್ದಾಗಲೇ ಈ ಹಳದಿಯ ಹುಚ್ಚು ಹತ್ತಿಸಿಕೊಂಡಿದ್ದ. 1870ರಲ್ಲಿ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಲೋಕೋ ಸೂಪರಿಂಟೆಂಡೆಂಟ್ ಆಗಿ ದಕ್ಷಿಣಕ್ಕೆ ಬರುವಾಗ ಅದನ್ನೂ ಜೊತೆಯಲ್ಲೇ ತಂದ. ಆತನಿಗೆ ಬಣ್ಣಗುರುಡು ಇತ್ತು, ಹಸಿರು ಅಂದುಕೊಂಡೇ ಹಳದಿ ಬಳಿಸಿದ ಎನ್ನುವ ಕತೆ ಇಂದಿಗೂ ಓಡಾಡುತ್ತಿದೆ. ಹಸಿರೇ ಇರಲಿ ಎಂದ ನಿರ್ದೇಶಕ ಮಂಡಳಿಯ ಕಣ್ಣಿಗೆ ಮಣ್ಣೆರಚಲು ಆ ಹೆಸರಿಟ್ಟ ಎಂಬುದು ಇನ್ನೊಂದು ಕತೆ. ಮೊದಲನೆಯದನ್ನು ನಾನು ನಂಬುವುದಿಲ್ಲ. ಅದೇ ಕಾರ್ಖಾನೆಯಲ್ಲಿ ಅದೇ ಮನುಷ್ಯ ಗೂಡ್ಸ್ ಎಂಜಿನ್ನುಗಳಿಗೆ ಅಚ್ಚುಕಟ್ಟಾಗಿ ಆಲಿವ್ ಹಸಿರು ಬಳಿಸುತ್ತಿದ್ದ, ಪ್ಯಾಸೆಂಜರ್ ಎಂಜಿನ್ನಿಗೆ ಹಳದಿ. ಎರಡರ ಭೇದ ಗೊತ್ತಿಲ್ಲದವನು ಇಂಥ ಪಂಕ್ತಿಭೇದ ಮಾಡಲಾರ. ಎರಡನೆಯ ಕತೆ ನಿಜವಾಗಿದ್ದರೆ ಚೆನ್ನ ಎಂದು ನನ್ನಾಸೆ, ಅಷ್ಟೆ. ಮೇಲಿನವರ ಸಹಿ ಬೀಳುವ ಹಾಗೆ ಕಡತಕ್ಕೆ ತಲೆಬರಹ ಕೊಡುವ ವಿದ್ಯೆ ಎಲ್ಲ ದೇಶದ ಕಚೇರಿಗಳಲ್ಲೂ ಇದೆಯಲ್ಲ.

ನಾನಿರುವುದು ಬ್ರೈಟನ್ನಿಗೆ ಅಂಟಿಕೊಂಡಿರುವ ಹೋವ್ ಎಂಬ ಊರಿನಲ್ಲಿ. ಹಲ್ಲಿನ ವೈದ್ಯೆ. ಸ್ಟ್ರೌಡ್ಲಿಯ ಕಾರ್ಖಾನೆ ಬ್ರೈಟನ್ ಸ್ಟೇಷನ್ನಿನ ಪಕ್ಕದಲ್ಲೇ ಇತ್ತು. ಈಗ ಇಲ್ಲ, ಕೆಡವಿದ್ದಾರೆ. ದಿನವೂ ಅದೇ ಸ್ಟೇಷನ್ನಿನಲ್ಲಿ ಹತ್ತಿ ಇಳಿಯುತ್ತಿದ್ದವಳಿಗೆ ಅಲ್ಲಿ ಏನಿತ್ತು ಎಂದು ಕೇಳಬೇಕು ಅನ್ನಿಸಿದ್ದು ಬಹಳ ತಡವಾಗಿ. ಕೇಳಿದ ಮೇಲೆ ಮಾತ್ರ ಬಿಡಲಾಗಲಿಲ್ಲ. ಅಡಿ ಒಂದಕ್ಕೆ 4 ಮಿಲಿಮೀಟರ್ ಲೆಕ್ಕದಲ್ಲಿ ಎಂಜಿನ್ನುಗಳ ಮಾದರಿ ಕಟ್ಟುವ ಈ ಹವ್ಯಾಸಕ್ಕೆ ನನ್ನ ವೃತ್ತಿ ಒಳ್ಳೆ ಬಂಡವಾಳ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ನಡುಗದ ಕೈಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಜಾಗದಲ್ಲಿ ಕೆರೆಯುವುದು ಕೊರೆಯುವುದು ನನಗೆ ಹೊಟ್ಟೆಪಾಡು. ಚಿಕಿತ್ಸಾಲಯದಲ್ಲಿ ಮೊನೆ ಸವೆದು ನಿವೃತ್ತಿಯಾದ ಪ್ರೋಬು, ಸ್ಕೇಲರುಗಳೆಲ್ಲ ಮನೆಯ ಮೇಜಿನ ಮೇಲೆ ಎರಡನೆಯ ನೌಕರಿ ಮಾಡುತ್ತಿವೆ. ಬೆಸುಗೆ ಹಾಕಿದ ಮೂಲೆಯಲ್ಲಿ ಉಳಿದ ತವರದ ಹೆಪ್ಪು ತೆಗೆಯುವುದಕ್ಕೂ ಹಲ್ಲಿನ ಸಂದಿಯ ಪಾಚಿ ತೆಗೆಯುವುದಕ್ಕೂ ಕೈ ತಿರುಗುವ ರೀತಿ ಒಂದೇ. ವ್ಯತ್ಯಾಸವೆಂದರೆ ಎಂಜಿನ್ನು ನಾಳೆ ಬರುತ್ತೇನೆಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

ನನ್ನ ಮೆಚ್ಚಿನದು ‘ಟೆರಿಯರ್’. ಸ್ಟ್ರೌಡ್ಲಿ 1872ರಿಂದ 1880ರವರೆಗೆ ಕಟ್ಟಿಸಿದ 50 ಪುಟ್ಟ ಟ್ಯಾಂಕ್ ಎಂಜಿನ್ನುಗಳ ಅಡ್ಡಹೆಸರು ಅದು. ಚಿಮಣಿಯಿಂದ ಹಬೆ ಹೊರಟಾಗ ನಾಯಿ ಬೊಗಳಿದಂತೆ ಕೇಳುತ್ತಿತ್ತಂತೆ, ಅದಕ್ಕೆ. ಆರು ಚಕ್ರ, ಆರನ್ನೂ ಹಬೆಯೇ ಎಳೆಯುತ್ತದೆ. ಚಕ್ರದ ವ್ಯಾಸ 4 ಅಡಿ, ತೂಕ 27 ಟನ್ ಚಿಲ್ಲರೆ. ಲಂಡನ್ನಿನ ಹೊರವಲಯದಲ್ಲಿ, ಥೇಮ್ಸ್ ನದಿಯ ಅಡಿಯ ಸುರಂಗದಲ್ಲಿ, ಭಾರ ತಡೆಯದ ಹಳಿಗಳ ಮೇಲೆ ಓಡಲೆಂದು ಹುಟ್ಟಿದವು. ಹಾಗಾಗಿ ಮೊದಲ ಆರಕ್ಕೆ ಆ ಕಡೆಯ ಕೇರಿಗಳ ಹೆಸರು: ಪಾಪ್ಲರ್, ವಾಪಿಂಗ್, ಫೆನ್‌ಚರ್ಚ್, ಡೆಟ್‌ಫರ್ಡ್, ಶಾಡ್‌ವೆಲ್, ಬ್ಲ್ಯಾಕ್‌ವಾಲ್. ಐವತ್ತರಲ್ಲಿ ಹತ್ತು ಇನ್ನೂ ಉಳಿದಿವೆ. ಒಂದು ಕೆನಡಾದ ಮಾಂಟ್ರಿಯಲ್ ಬಳಿಯ ಮ್ಯೂಸಿಯಮ್ಮಿಗೆ ಸೇರಿದೆ. ‘ಸ್ಟೆಪ್ನಿ’ ಎಂಬುದು ಥಾಮಸ್ ಎಂಜಿನ್ನಿನ ಕತೆಗಳನ್ನು ಬರೆದ ಪಾದ್ರಿ ಆಡ್ರಿಯವರ ಪುಸ್ತಕದಲ್ಲಿ ಪಾತ್ರವಾಗಿ, ಮಕ್ಕಳ ಬಾಯಲ್ಲಿ ಚಿರಂಜೀವಿಯಾಯಿತು. ನಾನು ಹಿಡಿದು ಕೂತಿದ್ದು 72ನೇ ನಂಬರಿನ ಫೆನ್‌ಚರ್ಚನ್ನು.

ಮೊದಲ ಕಷ್ಟ ಬಣ್ಣದ್ದೇ. ಆ ಕಾಲದ ಫೋಟೋಗಳು ಬೇಕಾದಷ್ಟಿವೆ, ಆದರೆ ಅವುಗಳ ಸಾಕ್ಷಿಯನ್ನು ಹಾಗೇ ಒಪ್ಪಿಕೊಳ್ಳುವಂತಿಲ್ಲ. ಅಂದಿನ ಗಾಜಿನ ಫಲಕಗಳಿಗೆ ಕಾಣುತ್ತಿದ್ದುದು ಬಹುಮಟ್ಟಿಗೆ ನೀಲಿ ಬೆಳಕು ಮಾತ್ರ. ಹಳದಿ, ಕೆಂಪು ಅವಕ್ಕೆ ಕತ್ತಲೆ. ಹಾಗಾಗಿ ಊರೆಲ್ಲ ಕಣ್ಣು ಕುಕ್ಕಿಸಿಕೊಂಡು ನೋಡಿದ ಸ್ಟ್ರೌಡ್ಲಿಯ ಹಳದಿ ಫೋಟೋದಲ್ಲಿ ಮಸಿ ಬಳಿದಂತೆ ಬಂದಿದೆ. ಸ್ಕಾಟ್ಲೆಂಡಿನ ಕ್ಯಾಲಿಡೋನಿಯನ್ ರೈಲ್ವೆಯ ನೀಲಿ ಎಂಜಿನ್ನುಗಳು ಸುಣ್ಣ ಹೊಡೆದಂತೆ ಬೆಳ್ಳಗೆ ಬಂದಿವೆ. ಈ ಕಾಟಕ್ಕೇ ಕಾರ್ಖಾನೆಗಳಲ್ಲಿ ಒಂದು ಉಪಾಯ ಮಾಡುತ್ತಿದ್ದರು. ಹೊಸ ಎಂಜಿನ್ನಿಗೆ ಮೊದಲು ಹೊಳಪಿಲ್ಲದ ಬೂದು ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಿಳುಪು ಗೆರೆ ಎಳೆದು, ಫೋಟೋ ತೆಗೆಸಿ, ಆಮೇಲೆ ನಿಜವಾದ ಬಣ್ಣ ಹಾಕುವುದು. ಎಷ್ಟೋ ಸಲ ಕ್ಯಾಮರಾ ಇದ್ದ ಮಗ್ಗುಲಿಗೆ ಮಾತ್ರ. ಆ ಬೂದು ಚಿತ್ರಗಳಲ್ಲಿ ರಿವೆಟ್ಟಿನ ತಲೆ ಒಂದೊಂದೂ ಎಣಿಸಬಹುದು, ಆದರೆ ಬಣ್ಣ ಏನೆಂದು ಕೇಳಿದರೆ ಬಾಯಿ ಬಿಡುವುದಿಲ್ಲ.

ಫೋಟೋ ಬಿಡಿ, ಹಳೆಯ ತಗಡಿನ ಚೂರನ್ನೇ ಕೆರೆದು ನೋಡೋಣ ಎಂದರೆ ಅಲ್ಲಿ ಬೇರೆ ತಕರಾರು. ಬಣ್ಣ ಒಂದೇ ಪದರವಲ್ಲ. ಕಬ್ಬಿಣದ ಗುಂಡಿಗಳನ್ನು ತುಂಬಿ, ಉಜ್ಜಿ ನುಣ್ಣಗೆ ಮಾಡಿ, ಅಡಿಬಣ್ಣ ಕೊಟ್ಟು, ಮೇಲ್ಬಣ್ಣ ಕೊಟ್ಟು, ಗೆರೆ ಎಳೆದು, ಅದರ ಮೇಲೆ ವಾರ್ನಿಷ್, ಮತ್ತೆ ವಾರ್ನಿಷ್. ವಾರ್ನಿಷ್ ತಾನೇ ಹಳದಿ, ವಯಸ್ಸಾದಂತೆ ಕಂದಾಗುತ್ತದೆ. ನೀಲಿ ಎಂಜಿನ್ನು ಅದರಡಿಯಲ್ಲಿ ಹಸಿರಿನತ್ತ ವಾಲುತ್ತದೆ, ಹಳದಿ ಎಂಜಿನ್ನು ಹುರಿದ ಬಣ್ಣಕ್ಕೆ ತಿರುಗುತ್ತದೆ. ಹಾಗಿದ್ದ ಮೇಲೆ ಸ್ಟ್ರೌಡ್ಲಿಯ ಹಳದಿ ಯಾವುದು? ಕಾರ್ಖಾನೆಯ ಬಾಗಿಲಿಂದ ಹೊರಬಿದ್ದ ಬೆಳಿಗ್ಗಿನದೋ, ಎರಡು ಚಳಿಗಾಲ ಹೊಗೆ ಕುಡಿದ ಮೇಲಿನದೋ? ಸಾಲದ್ದಕ್ಕೆ ಮಾದರಿಯ ಗಾತ್ರದ್ದೇ ಒಂದು ಗುಣವಿದೆ. ಕೈಯಳತೆಯ ಎಂಜಿನ್ನನ್ನು ಒಂದು ಮೊಳ ದೂರದಿಂದ ನೋಡುವುದೆಂದರೆ ನಿಜವಾದದ್ದನ್ನು ನೂರಡಿ ಆಚೆಯಿಂದ ನೋಡಿದ ಲೆಕ್ಕ. ಅಷ್ಟು ದೂರದ ಗಾಳಿಯಲ್ಲಿ ಯಾವ ಬಣ್ಣವೂ ಒಂದಿಷ್ಟು ತಿಳಿಯಾಗುತ್ತದೆ. ಮೂಲದ ಬಣ್ಣವನ್ನು ಹಾಗ್ಹಾಗೇ ಬಳಿದರೆ ಮಾದರಿ ಗಾಢವಾಗಿ, ಗೊಂಬೆಯಂತೆ ಕಾಣುತ್ತದೆ. ಚೂರು ಬಿಳಿ ಬೆರೆಸಬೇಕು. ಎಷ್ಟು ಚೂರು ಎಂಬುದರ ಮೇಲೆ ಮಾತು ಬಿಟ್ಟವರಿದ್ದಾರೆ. ಹಗಲಲ್ಲಿ ಬೆರೆಸಿದ ಹಳದಿ ರಾತ್ರಿ ದೀಪದಡಿ ಬೇರೆಯಾಗಿ ಕಾಣುವುದರಿಂದ, ಕೊನೆಗೆ ಎಂಜಿನ್ನು ಎಲ್ಲಿ ನಿಲ್ಲುತ್ತದೋ ಆ ಕಪಾಟಿನ ದೀಪದ ಕೆಳಗೇ ಬೆರೆಸುವುದು ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ. ಶಾಸ್ತ್ರ ಬಲ್ಲವರು ಮೂಗು ಮುರಿಯಲಿ.

ಈ ಹವ್ಯಾಸಿಗಳ ಕೂಟದಲ್ಲಿ ನಿಮ್ಮ ಎಂಜಿನ್ನನ್ನು ಮುಂದಿಟ್ಟರೆ ಚೆನ್ನಾಗಿದೆ ಎಂದು ಯಾರೂ ಮೊದಲು ಹೇಳುವುದಿಲ್ಲ. ಮೊದಲ ಪ್ರಶ್ನೆ: ‘ಯಾವ ವರ್ಷದ್ದು?’ ಆರಂಭದಲ್ಲಿ ಇದು ನನಗೆ ಕೊಂಕಾಗಿ ಕೇಳುತ್ತಿತ್ತು. ಈಗ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಅನ್ನಿಸುತ್ತದೆ. ಎಂಜಿನ್ನಿನ ಮಾದರಿ ಮಾಡಲು ಯಾರಿಗೂ ಸಾಧ್ಯವಿಲ್ಲ. ಅದರ ಒಂದು ದಿನದ ಮಾದರಿ ಮಾಡಬಹುದು. ಫೆನ್‌ಚರ್ಚನ್ನೇ ನೋಡಿ. 1872ರಲ್ಲಿ ಹುಟ್ಟಿದಾಗ ಹಳದಿ. ಹಳೆಯದಾದ ಮೇಲೆ, 1898ರಲ್ಲಿ, ನ್ಯೂಹೇವನ್ ಬಂದರಿನ ಕಂಪನಿಗೆ ಮಾರಾಟವಾಗಿ ಹಡಗುಕಟ್ಟೆಯ ವ್ಯಾಗನ್ ತಳ್ಳುವ ಕೆಲಸಕ್ಕೆ ಬಿತ್ತು. 1913ರಲ್ಲಿ ಹೊಸ ಬಾಯ್ಲರ್ ಕೂರಿಸಿ, ಚಿಮಣಿಯಡಿಯ ಸ್ಮೋಕ್‌ಬಾಕ್ಸ್ ಉದ್ದ ಮಾಡಿದರು, ಮೂತಿಯೇ ಬದಲಾಯಿತು. ಮುಂದೆ ಸದರ್ನ್ ರೈಲ್ವೆಯ ಲೆಕ್ಕದಲ್ಲಿ 2636, ರಾಷ್ಟ್ರೀಕರಣವಾದ ಮೇಲೆ ಬ್ರಿಟಿಷ್ ರೈಲ್ವೇಸ್‌ನ 32636. ಈಗ ಹಳೆಯ ಎಂಜಿನ್ನುಗಳನ್ನು ಕಾಪಾಡುವ ಬ್ಲೂಬೆಲ್ ರೈಲ್ವೆಯ ಆಸರೆಯಲ್ಲಿದೆ. ಹೆಸರು ಒಂದೇ, ಮೈಯ ಮೇಲಿನ ಬಣ್ಣ, ನಂಬರು, ಚಿಮಣಿ, ಬಾಯ್ಲರ್ ಎಲ್ಲ ಬೇರೆ. ಇದರಲ್ಲಿ ಯಾವುದು ಫೆನ್‌ಚರ್ಚ್ ಎಂದರೆ, ಯಾವ ದಿನ ಹೇಳಿ ಎನ್ನಬೇಕಷ್ಟೆ.

ನಾನು ಆರಿಸಿಕೊಂಡದ್ದು 1873ರ ಬೇಸಿಗೆ. ಆರಿಸಿಕೊಂಡ ಕೂಡಲೇ ಕೆಲಸ ಸುಲಭವಾಗುತ್ತದೆ ಅಂದುಕೊಂಡರೆ ಅದು ಹೆಚ್ಚಾಗುತ್ತದೆ. ಆ ವರ್ಷ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎನ್ನುವುದು ದೊಡ್ಡ ಪಟ್ಟಿ. ವೆಸ್ಟಿಂಗ್‌ಹೌಸ್ ಗಾಳಿಬ್ರೇಕ್ ಬ್ರೈಟನ್ನಿನವರು ಹಾಕಿಸಿಕೊಂಡದ್ದು ಅದಕ್ಕೆ ಕೆಲವು ವರ್ಷ ಈಚೆಗೆ. ಹಾಗಾಗಿ ಅಂಗಡಿಯ ಸಿದ್ಧ ಮಾದರಿಗಳಲ್ಲಿ ಕಣ್ಣಿಗೆ ರಾಚುವ ಆ ಪಂಪು ನನಗೆ ಬೇಡ, ಬಫರಿನ ಪಕ್ಕ ಜೋಲುವ ರಬ್ಬರ್ ಕೊಳವೆಯೂ ಬೇಡ. ಚಕ್ರಕ್ಕೆ ಒತ್ತುವ ಬ್ರೇಕ್ ಬ್ಲಾಕ್ ಮೊದಮೊದಲು ಕಬ್ಬಿಣದ್ದಲ್ಲ, ಮರದ್ದು. ದಪ್ಪ, ಮೊದ್ದು ಆಕಾರ. ಮರಳಿನ ಪೆಟ್ಟಿಗೆ ಆಗ ಮುಂದಿನ ಚಕ್ರದ ಮಡ್‌ಗಾರ್ಡಿನೊಂದಿಗೆ ಸೇರಿಕೊಂಡು ಮೇಲೆ ಕೂತಿತ್ತು, ಎಷ್ಟೋ ವರ್ಷಗಳ ಮೇಲೆ ಎಂಜಿನ್ನಿನ ಪಕ್ಕದ ಓಡಾಟದ ಹಲಗೆಯ ಕೆಳಗಿಳಿಯಿತು. ಬಾಯ್ಲರಿನ ಮೇಲಿನ ಗುಮ್ಮಟದಂಥ ಡೋಮಿನ ಮೇಲೆ ಸಾಲ್ಟರ್ ಸೇಫ್ಟಿ ವಾಲ್ವು: ಉದ್ದನೆಯ ಸನ್ನೆಕೋಲು, ಅದರ ತುದಿಗೆ ತಕ್ಕಡಿಯ ಸ್ಪ್ರಿಂಗು. ಈ ಸನ್ನೆಕೋಲನ್ನು ಬಗ್ಗದ ಹಾಗೆ ಕೂರಿಸುವುದಕ್ಕೆ ಒಂದು ಭಾನುವಾರ ಕೊಟ್ಟರೂ ನಷ್ಟವಿಲ್ಲ. ಎಂಜಿನ್ನಿನ ನೆತ್ತಿಯ ಮೇಲೆ ಇಡೀ ಕಾಲವೇ ಆ ಕೋಲಿನಲ್ಲಿದೆ. ಅದು ಸೊಟ್ಟಗಾದರೆ ಉಳಿದ ಅಂದವೆಲ್ಲ ದಂಡ.

ನನಗೆ ಬಹಳ ಇಷ್ಟವಾದ ಭಾಗ ಸ್ಮೋಕ್‌ಬಾಕ್ಸಿನಿಂದ ಹೊರಟು ಪಕ್ಕದ ನೀರಿನ ಟ್ಯಾಂಕಿಗೆ ಇಳಿಯುವ ತಾಮ್ರದ ಕೊಳವೆ. ಕೆಲಸ ಮುಗಿಸಿದ ಹಬೆಯೆಲ್ಲ ಚಿಮಣಿ ಸೇರಿ ಪೋಲಾಗುವ ಬದಲು ಒಂದು ಪಾಲು ಟ್ಯಾಂಕಿಗೆ ಹೋಗಿ ನೀರನ್ನು ಬಿಸಿ ಮಾಡಲಿ ಎಂಬುದು ಸ್ಟ್ರೌಡ್ಲಿಯ ಉಳಿತಾಯ ಬುದ್ಧಿ. ಕಲ್ಲಿದ್ದಲು ಉಳಿಯುತ್ತದೆ, ಸುರಂಗದಲ್ಲಿ ಹಬೆಯೂ ಕಡಿಮೆ. ಆದರೆ ಬಿಸಿನೀರನ್ನು ಬಾಯ್ಲರಿಗೆ ತುಂಬಲು ಇಂಜೆಕ್ಟರ್ ಒಪ್ಪುವುದಿಲ್ಲ, ಅದಕ್ಕೆ ತಣ್ಣೀರೇ ಆಗಬೇಕು. ಹಾಗಾಗಿ ಪಿಸ್ಟನ್ನಿನ ಓಡಾಟಕ್ಕೇ ಪಂಪು ಕಟ್ಟಿದ. ಪಂಪು ಓಡಬೇಕಾದರೆ ಎಂಜಿನ್ನು ಓಡಬೇಕು. ನಿಂತಲ್ಲಿ ಬಾಯ್ಲರಿನ ನೀರು ಇಳಿದರೆ ಡ್ರೈವರು ಸುಮ್ಮಸುಮ್ಮನೆ ಗಾಡಿ ಹಿಂದೆ ಮುಂದೆ ಓಡಾಡಿಸಬೇಕಾಗಿತ್ತು. ಒಂದು ಬಾಗಿದ ಕೊಳವೆಯ ಹಿಂದೆ ಇಷ್ಟು ಸಂಸಾರ! ಅದು ಸುಮ್ಮನೆ ಅಲಂಕಾರಕ್ಕೆ ಅಂಟಿಸಿದ ತಂತಿಯಂತೆ ಕಾಣಕೂಡದು. ನಾನು ಹಳೆಯ ವಿದ್ಯುತ್ ವೈರಿನ ಒಳಗಿನ ತಾಮ್ರದ ಎಳೆಯನ್ನೇ ಉರಿಯಲ್ಲಿ ಕಾಯಿಸಿ ಮೆದು ಮಾಡಿ, ಕೊರೆಯುವ ಕಡ್ಡಿಗೆ ಸುತ್ತಿ ಬಾಗಿಸುತ್ತೇನೆ. ಬಳಿಕ ಹಲ್ಲು ಹೊಳಪಿಸುವ ರಬ್ಬರ್ ಬಿಲ್ಲೆಯಿಂದ ಒಂದು ಸುತ್ತು ಉಜ್ಜಿದರೆ ಆಯಿತು. ತಾಮ್ರದಂತೆ ಕಾಣಲು ತಾಮ್ರಕ್ಕಿಂತ ಒಳ್ಳೆಯ ಬಣ್ಣ ಇನ್ನೂ ಬಂದಿಲ್ಲ. ಚಿಮಣಿಯ ತಲೆಗಿರುವ ತಾಮ್ರದ ಕಿರೀಟಕ್ಕೂ ಅದೇ ನ್ಯಾಯ.

ರಿವೆಟ್ಟು ಎಣಿಸುವವರು ಎಂದು ನಮ್ಮಂಥವರನ್ನು ಇಲ್ಲಿನವರು ಹಾಸ್ಯ ಮಾಡುತ್ತಾರೆ. ಮಾಡಲಿ. ಆದರೆ ಎಣಿಕೆಯವರ ಪಂಥಕ್ಕೆ ನಾಚಿಕೆಯಾಗುವ ಒಂದು ಸಂಗತಿ ಅವರ ಕಾಲಡಿಯಲ್ಲೇ ಇದೆ. ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ ಬ್ರಿಟನ್ನಿನ 4 ಅಡಿ ಎಂಟೂವರೆ ಇಂಚಿನ ಹಳಿಗಳ ನಡುವೆ 18.83 ಮಿಲಿಮೀಟರ್ ಇರಬೇಕು. ಇಲ್ಲಿ ಹೆಚ್ಚು ಮಂದಿ ಬಳಸುವ ಓಓ ಹಳಿಯ ಅಗಲ 16.5. ಹಿಂದೆ ಆಟಿಕೆ ಮಾಡುವವರಿಗೆ ಬ್ರಿಟನ್ನಿನ ಸಣಕಲು ಎಂಜಿನ್ನಿನೊಳಗೆ ಅಂದಿನ ಮೋಟರು ಹಿಡಿಸಲಾಗದೆ, ಮೈಯನ್ನು ಮಾತ್ರ ಹಿಗ್ಗಿಸಿ ಹಳಿಯನ್ನು ಇದ್ದಂತೇ ಬಿಟ್ಟರು. ಅದೇ ರೂಢಿಯಾಯಿತು. ಹೀಗಾಗಿ ರಿವೆಟ್ಟಿನ ಸಾಲು ಸರಿಯಿಲ್ಲ ಎಂದು ಇನ್ನೊಬ್ಬರನ್ನು ತರಾಟೆಗೆ ತೆಗೆದುಕೊಳ್ಳುವ ಎಷ್ಟೋ ಮಹನೀಯರ ಸ್ವಂತ ಎಂಜಿನ್ನುಗಳು 4 ಅಡಿ ಒಂದೂವರೆ ಇಂಚಿನ ಹಳಿಯ ಮೇಲೆ ಓಡಾಡುತ್ತಿವೆ. ನನ್ನ ಫೆನ್‌ಚರ್ಚ್ ಕಪಾಟಿನಲ್ಲಿ ನಿಂತಿರುವಂಥದ್ದು, ಅದಕ್ಕೆ 18.83ರ ಹಳಿಯ ತುಂಡು ಹಾಕಿಕೊಡುವುದು ಕಷ್ಟವಾಗಲಿಲ್ಲ. ಓಡಿಸಬೇಕಾಗಿದ್ದರೆ ಧೈರ್ಯ ಬರುತ್ತಿತ್ತೋ ಇಲ್ಲವೋ.

ಬ್ರೈಟನ್ನಿನ ಹೊರಗೂ ಬಣ್ಣದ ಲೋಕ ದೊಡ್ಡದೇ. ಮಿಡ್‌ಲ್ಯಾಂಡ್ ರೈಲ್ವೆಯ ಕ್ರಿಮ್ಸನ್ ಲೇಕ್ ಎಂಬ ಕೆಂಪು, ಗ್ರೇಟ್ ಈಸ್ಟರ್ನ್‌ನವರ ಗಾಢ ನೀಲಿ, ಗ್ರೇಟ್ ವೆಸ್ಟರ್ನ್‌ನವರ ಹಸಿರು ಮೈ ತಾಮ್ರದ ತಲೆ. ಇವನ್ನೆಲ್ಲ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಮುಂದೆ ಹೋಗುತ್ತೇನೆ. ಒಂದನ್ನು ಮಾತ್ರ ಹೇಳಲೇಬೇಕು, ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಕಪ್ಪು. ಬ್ಲ್ಯಾಕ್‌ಬೆರಿ ಹಣ್ಣಿನ ಕಪ್ಪು ಎನ್ನುತ್ತಿದ್ದರು. ಪದರದ ಮೇಲೆ ಪದರ ವಾರ್ನಿಷ್ ಕೊಟ್ಟು ಮುಖ ನೋಡಿಕೊಳ್ಳುವಂತೆ ಮಾಡಿ, ಅದರ ಮೇಲೆ ಕೆಂಪು, ಕೆನೆ, ಬೂದು ಮೂರು ಬಣ್ಣದ ಸಣ್ಣ ಗೆರೆ. ಕಪ್ಪು ಅಂದರೆ ಬಣ್ಣ ಹಾಕಲು ಸೋಮಾರಿತನ ಎಂದುಕೊಂಡಿದ್ದವರು ಅದನ್ನು ನೋಡಬೇಕು.

ಗೆರೆ ಅಂದೆನಲ್ಲ, ಈ ವಿದ್ಯೆಯ ನಿಜವಾದ ಪರೀಕ್ಷೆ ಅಲ್ಲೇ. ಸ್ಟ್ರೌಡ್ಲಿಯ ಹಳದಿಗೆ ಅಂಚು ಕಟ್ಟುವುದೆಂದರೆ ಸೀರೆಗೆ ಜರಿ ಹಾಕುವಷ್ಟೇ ಲೆಕ್ಕಾಚಾರ. ಹೊರಗಿನಿಂದ ಒಳಕ್ಕೆ ಮೊದಲು ಅಗಲವಾದ ಆಲಿವ್ ಹಸಿರು, ಕೂದಲೆಳೆಯ ಕೆಂಪು, ಆಮೇಲೆ ಕಪ್ಪು ಪಟ್ಟೆ, ಮತ್ತೆ ಕೂದಲೆಳೆಯ ಬಿಳಿ, ಅದರೊಳಗೆ ಹಳದಿ. ಮೂಲೆಗಳಲ್ಲಿ ಇವೆಲ್ಲ ಒಟ್ಟಿಗೆ ದುಂಡಗೆ ತಿರುಗಬೇಕು. ಅರ್ಧ ಇಂಚಿನ ಗೆರೆ ನನ್ನ ಅಳತೆಯಲ್ಲಿ 0.17 ಮಿಲಿಮೀಟರ್. ಕುಂಚದಿಂದಾಗದ ಮಾತು. ಹಿಂದೆ ನಕ್ಷೆ ಬರೆಯುವವರು ಬಳಸುತ್ತಿದ್ದ, ಎರಡು ಉಕ್ಕಿನ ನಾಲಿಗೆಗಳ ನಡುವೆ ಶಾಯಿ ಹಿಡಿಯುವ ರೂಲಿಂಗ್ ಪೆನ್ನು ಬೇಕು. ನಾಲಿಗೆಗಳ ನಡುವೆ ತೆಳುಮಾಡಿದ ಎನಾಮಲ್ ಒಂದು ಹನಿ. ಪಕ್ಕದ ತಿರುಪು ತಿರುಗಿಸಿದರೆ ಗೆರೆ ಸಣ್ಣ, ದಪ್ಪ. ಬಣ್ಣ ಮಂದವಾದರೆ ಇಳಿಯುವುದಿಲ್ಲ, ನೀರಾದರೆ ಒಮ್ಮೆಲೇ ಸುರಿದುಹೋಗುತ್ತದೆ. ಮೊದಲು ಗಾಜಿನ ಮೇಲೆ ಎಳೆದು ನೋಡಬೇಕು. ಗಾಜಿನ ಮೇಲೆ ಗೆರೆ ಯಾವಾಗಲೂ ಚೆನ್ನಾಗಿಯೇ ಬರುತ್ತದೆ.

ನಮ್ಮ ಮಾವನವರು ಬಂದಿದ್ದು ಈ ಹೊತ್ತಿನಲ್ಲಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿ ಸೇರಿ, ಅಲ್ಲೇ ನಿವೃತ್ತರಾದವರು. ಮೀಟರ್ ಗೇಜಿನ ವೈಪಿ, ವೈಜಿ ಎಂಜಿನ್ನುಗಳ ಮೈ ತಡವಿದ ಕೈ. ಮೇಜಿನ ಮೇಲಿದ್ದ ಅರ್ಧ ಅಂಚು ಕಟ್ಟಿದ ಫೆನ್‌ಚರ್ಚನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

“ಏನವಾ ತಂಗಿ, ತುಪ್ಪಾ ಸವರಿದ ಹೋಳಿಗಿ ಬಣ್ಣ ಬಳದಿಯಲ್ಲ ಎಂಜಿನ್ನಿಗೆ!”

ಬಣ್ಣದ ಪುಸ್ತಕಗಳಲ್ಲಿ ನಾನು ಓದಿದ ವಿವರಣೆಗಳಲ್ಲೆಲ್ಲ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ. ನಾನು ಸ್ಟ್ರೌಡ್ಲಿಯ ಕತೆ ಹೇಳಿದೆ. ಅವರಿಗೆ ಆ ಬಣ್ಣದ ಮೇಲೆ ಗೌರವವೇನೂ ಹುಟ್ಟಲಿಲ್ಲ.

“ಇದನ್ನ ದಿನಾ ಒರಸವರು ಯಾರು? ನಮ್ಮ ಕಡೆ ಎಂಜಿನ್ ಅಂದ್ರ ಕರೀದು. ಬ್ಯಾರೆ ಬಣ್ಣ ಬಳದ್ರ ಅದಕ್ಕ ನಾಚಿಕಿ ಬರತೈತಿ.”

ಒರೆಸುವವರು ಹುಡುಗರು. ಅಂದಿನ ಇಂಗ್ಲೆಂಡಿನಲ್ಲಿ ಡ್ರೈವರಾಗಬೇಕೆಂದವನು ಮೊದಲು ಷೆಡ್ಡಿನಲ್ಲಿ ಕ್ಲೀನರ್ ಹುಡುಗನಾಗಿ ಸೇರಬೇಕು, ವರ್ಷಗಟ್ಟಲೆ ಎಣ್ಣೆ ಬಟ್ಟೆ ಹಿಡಿದು ಎಂಜಿನ್ನಿನ ಮೈ ತಿಕ್ಕಬೇಕು, ಆಮೇಲೆ ಫೈರ್‌ಮನ್, ಇನ್ನೂ ಎಷ್ಟೋ ವರ್ಷಕ್ಕೆ ಡ್ರೈವರು. ಹಳದಿ ಹಳದಿಯಾಗಿ ಉಳಿದದ್ದು ಆ ಹುಡುಗರ ಸೋವಿ ಕೂಲಿಯಿಂದ. ಸ್ಟ್ರೌಡ್ಲಿಯ ಎಂಜಿನ್ನುಗಳ ಕ್ಯಾಬಿನ ಚಾವಣಿಗೆ ಬಿಳಿ ಬಣ್ಣ ಬೇರೆ! ಕಲ್ಲಿದ್ದಲು ಸುಡುವ ಯಂತ್ರದ ತಲೆಗೆ ಬಿಳಿ. ಅದು ಎಷ್ಟು ದಿನ ಬೆಳ್ಳಗಿದ್ದೀತು ಎಂದು ಮಾವನವರನ್ನೇ ಕೇಳಿದೆ. “ಮಧ್ಯಾಹ್ನದ ಊಟದ ತನಕ” ಎಂದರು. ನನ್ನ ಫೆನ್‌ಚರ್ಚಿನ ಚಾವಣಿಯನ್ನು ಚಿಮಣಿಯ ಕಡೆಗೆ ಹೆಚ್ಚು, ಹಿಂದಕ್ಕೆ ಹೋದಂತೆ ಕಡಿಮೆ ಬೂದು ಮಾಡಿದ್ದು ಆ ಮಾತಿನ ಮೇಲೆ.

ಗೆರೆ ಎಳೆಯಲು ಕೂತವಳನ್ನು ಅವರು ಸುಮ್ಮನೆ ನೋಡುತ್ತಾ ನಿಂತಿದ್ದರು. ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

“ಉಸಿರು ಹಿಡೀಬ್ಯಾಡ, ಬಿಡಕೋತ ಎಳಿ. ಮಣಿಕಟ್ಟು ಆಡಬಾರದು, ಭುಜ ಹೋಗಬೇಕು. ಕಣ್ಣು ಪೆನ್ನಿನ ಮ್ಯಾಲೆ ಇಡಬ್ಯಾಡ, ಗೆರಿ ಎಲ್ಲಿ ಮುಗೀಬೇಕೋ ಅಲ್ಲಿ ಇಡು.”

ಮೂರೂ ಮಾತು ನನ್ನ ವೃತ್ತಿಯ ಪಾಠಕ್ಕೆ ತದ್ವಿರುದ್ಧ. ಹಲ್ಲಿನ ಕೆಲಸದಲ್ಲಿ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ ಮಣಿಕಟ್ಟಿನಿಂದಲೇ ಆಡಿಸಬೇಕು, ಕಣ್ಣು ಮೊನೆಯಿಂದ ಕದಲಕೂಡದು. ಆದರೂ ಅವರು ಹೇಳಿದ ಹಾಗೆ ಎಳೆದೆ. ಟ್ಯಾಂಕಿನ ಕೆಳಗಂಚಿನ ಬಿಳಿ ಗೆರೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಉಸಿರಿಗೆ ಓಡಿತು. ಮೂಲೆಯ ದುಂಡುಗಳನ್ನು ಮಾತ್ರ ನನ್ನ ವಿದ್ಯೆಯಲ್ಲೇ, ಬೆರಳೂರಿ ಮಾಡಿದೆ. ಅದನ್ನು ಅವರು ನೋಡಿದರು, ಏನೂ ಹೇಳಲಿಲ್ಲ.

ತಾರೀಖಿನ ಸಂಗತಿ ಮಾತ್ರ ಅವರಿಗೆ ಒಂದೇ ಮಾತಿಗೆ ಹಿಡಿಸಿತು. ಓವರ್‌ಹಾಲಿಗೆ ಬಂದ ಎಂಜಿನ್ನು ಹೊರಗೆ ಹೋಗುವಾಗ ಅದರ ಮೇಲೆ ಪಿಓಎಚ್, ಅಂದರೆ ಪೀರಿಯಾಡಿಕ್ ಓವರ್‌ಹಾಲಿನ, ತಾರೀಖು ಬರೆಯುವುದು ಅವರ ಕೈಯ ಕೆಲಸವೇ ಆಗಿತ್ತಂತೆ. ತಾರೀಖು ಇಲ್ಲದ ಎಂಜಿನ್ನು ಅವರ ಲೆಕ್ಕಕ್ಕೆ ಇನ್ನೂ ಹುಟ್ಟಿಲ್ಲ. ಫೆನ್‌ಚರ್ಚಿನ ಮೇಲೆ ಏನೇನು ಬರೆಯುವುದಿದೆ ಎಂದು ವಿಚಾರಿಸಿದರು. ಟ್ಯಾಂಕಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಹೆಸರು. ಇನ್ನೊಂದು ಹೆಸರೂ ಉಂಟು, ಹೊರಗಿನವರಿಗೆ ಕಾಣದ್ದು: ಸ್ಟ್ರೌಡ್ಲಿ ಒಂದೊಂದು ಎಂಜಿನ್ನನ್ನು ಒಬ್ಬೊಬ್ಬ ಡ್ರೈವರಿಗೆ ವಹಿಸಿ, ಆತನ ಹೆಸರನ್ನು ಕ್ಯಾಬಿನ ಒಳಗೆ ಬರೆಸುತ್ತಿದ್ದ. ಹೆಸರಿದ್ದವನು ಎಂಜಿನ್ನನ್ನು ತನ್ನದೆಂಬಂತೆ ನೋಡಿಕೊಳ್ಳುತ್ತಾನೆ ಎಂಬ ಲೆಕ್ಕ. ಹಳದಿ ಬಳಿಸಿದವನೇ ಇದನ್ನೂ ಯೋಚಿಸಿದ ಎಂಬುದಕ್ಕೆ ಆತನ ಮೇಲೆ ನನಗೆ ಪ್ರೀತಿ. 1873ರಲ್ಲಿ ಫೆನ್‌ಚರ್ಚಿನ ಒಳಗೆ ಯಾರ ಹೆಸರಿತ್ತೋ ಅದು ನನಗೆ ಸಿಕ್ಕಿಲ್ಲವಾದ್ದರಿಂದ ಆ ಜಾಗ ಖಾಲಿ ಬಿಟ್ಟಿದ್ದೆ.

“ನಂದು ಬರಿ. ಯಾರಿಗೆ ಕಾಣತೈತಿ?” ಎಂದರು ಮಾವನವರು.

1873ರಲ್ಲಿ ಹುಬ್ಬಳ್ಳಿಗೇ ಇನ್ನೂ ರೈಲು ಬಂದಿರಲಿಲ್ಲ, ನೀವು ಇಲ್ಲಿಗೆ ಹೇಗೆ ಬಂದಿರಿ ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಹಂಗಾರ 1962 ಮಾಡು. ನಾ ಕೆಲಸಕ್ಕ ಸೇರಿದ ವರ್ಷ.”

ತಮಾಷೆಗೆ ಹೇಳಿದ್ದೋ ಏನೋ. ಅವರು ಊರಿಗೆ ಹೋದ ಮೇಲೆ ಪುಸ್ತಕ ತೆರೆದು ನೋಡಿದರೆ 1962ರಲ್ಲಿ ಫೆನ್‌ಚರ್ಚ್ ತೊಂಬತ್ತು ವರ್ಷದ ಮುದುಕಿಯಾಗಿ ದಕ್ಷಿಣ ಕರಾವಳಿಯ ಹೇಲಿಂಗ್ ಐಲ್ಯಾಂಡ್ ಕವಲು ಮಾರ್ಗದಲ್ಲಿ ಇನ್ನೂ ದುಡಿಯುತ್ತಿತ್ತು. ಆ ದಾರಿಯ ಮರದ ಸೇತುವೆ ದೊಡ್ಡ ಎಂಜಿನ್ನುಗಳ ಭಾರ ತಡೆಯುತ್ತಿರಲಿಲ್ಲ; ಟೆರಿಯರುಗಳು ಅಷ್ಟು ಕಾಲ ಗುಜರಿಗೆ ಹೋಗದೆ ಉಳಿದದ್ದೇ ಆ ಬಡಕಲು ಸೇತುವೆಯ ದಯೆಯಿಂದ. 1963ರ ನವೆಂಬರಿನಲ್ಲಿ ಆ ಮಾರ್ಗ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲಿನ ಫೆನ್‌ಚರ್ಚ್ ಕಪ್ಪಗಿತ್ತು, ಅಪ್ಪಟ ಮಾವನವರ ಬಣ್ಣ.

ಈಗ ಮೇಜಿನ ಮೇಲೆ ಎರಡನೆಯ ಕಿಟ್ಟಿನ ಹಿತ್ತಾಳೆ ಹಾಳೆಗಳು ಹರಡಿವೆ. ಮೊದಲನೆಯದಕ್ಕೆ ಮಾಡಿದ್ದರಲ್ಲಿ ಅರ್ಧಕ್ಕರ್ಧ ಇಲ್ಲಿ ಉಪಯೋಗವಿಲ್ಲ. ಸ್ಮೋಕ್‌ಬಾಕ್ಸ್ ಉದ್ದ. ಮರಳಿನ ಪೆಟ್ಟಿಗೆ ಕೆಳಗೆ. ಚಿಮಣಿಯ ತಾಮ್ರದ ಕಿರೀಟ ಹೋಗಿದೆ; ಹೇಲಿಂಗ್‌ನ ಕೆಲವು ಎಂಜಿನ್ನುಗಳ ಚಿಮಣಿಗೆ ಕಿಡಿ ತಡೆಯುವ ಟೊಪ್ಪಿಗೆ ಕೂತಿದೆ, ಇದಕ್ಕೂ ಇತ್ತೇ ಎಂದು ಆ ವರ್ಷದ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಬೇಡವೆಂದು ಬಿಟ್ಟಿದ್ದ ಗಾಳಿಬ್ರೇಕಿನ ಪಂಪು ಈಗ ಬೇಕು. ಟ್ಯಾಂಕಿನ ಮೇಲೆ ಬ್ರಿಟಿಷ್ ರೈಲ್ವೇಸ್‌ನ ಸಿಂಹ. ಅದರ ಲಾಂಛನ 1956ರಲ್ಲಿ ಬದಲಾದದ್ದರಿಂದ ಹಳೆಯ ಸಿಂಹವೋ ಹೊಸ ಸಿಂಹವೋ ನೋಡಿಯೇ ಅಂಟಿಸಬೇಕು.

ಮೊನ್ನೆ ಫೋನಿನಲ್ಲಿ ಮಾವನವರಿಗೆ ಇದನ್ನೆಲ್ಲ ಒಪ್ಪಿಸಿದೆ.

“ಬರೇ ಕರೀದೋ, ಗೆರಿ ಐತೋ?”

“ಇದೆ ಮಾವ. ಕೆಂಪು, ಕೆನೆ, ಬೂದು, ಮೂರೂ. ನಾರ್ತ್ ವೆಸ್ಟರ್ನ್‌ನವರದ್ದೇ ಗೆರೆ, ಬ್ರಿಟಿಷ್ ರೈಲ್ವೇಸ್‌ನವರು ಎತ್ತಿಕೊಂಡಿದ್ದಾರೆ.”

“ಹಂಗಾರ ಬಣ್ಣ ಬಳದು ಇಡು. ಗೆರಿ ನಾ ಬರೂತನಕ ಮುಟ್ಟಬ್ಯಾಡ.”